ಮೊದಲ ಮಾತಿನ ಸೈದಪ್ಪ

ಕುಂಭಾರಿಯಲ್ಲಿ ಸೈದಪ್ಪನ ಮನೆ ಯಾವುದೆಂದು ಕೇಳಿದರೆ ಯಾವ ಸೈದಪ್ಪ ಎಂದು ತಿರುಗಿ ಕೇಳುತ್ತಾರೆ. ಮೊದಲ ಮಾತಿನ ಸೈದಪ್ಪ ಅಂದರೆ ಮಾತ್ರ ಬಸ್‌ಸ್ಟಾಪಿನ ಚಹಾದವನೂ ಕೈ ಚಾಚಿ ಓಣಿ ತೋರಿಸುತ್ತಾನೆ. ಆ ಹೆಸರು ಬಂದದ್ದು ಪ್ರಾರ್ಥನಾ ಮಂದಿರದಿಂದ. ಅಕ್ಕಲಕೋಟ ರಸ್ತೆಯ ಮಗ್ಗುಲಿಗೆ ತಗಡಿನ ಮಾಡಿನ ಒಂದು ಮಂದಿರವಿದೆ. ಯೇಸು ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳನ್ನು ಅಲ್ಲಿ ಶುಭ ಶುಕ್ರವಾರದ ಮಧ್ಯಾಹ್ನ ಏಳು ಜನರಿಗೆ ಹಂಚುತ್ತಾರೆ. ತನ್ನ ಪಾಲಿಗೆ ಬಂದ ಮಾತಿನ ಮೇಲೆ ಒಬ್ಬೊಬ್ಬರೂ ಎದ್ದುನಿಂತು ಸಭೆಗೆ ನಾಲ್ಕು ಮಾತು ಹೇಳಬೇಕು. ಬಾಯಾರಿಕೆಯ ಮಾತು ಈ ವರ್ಷ ಒಬ್ಬರಿಗೆ, ಬರುವ ವರ್ಷ ಇನ್ನೊಬ್ಬರಿಗೆ. ಆದರೆ ಮೊದಲನೆಯದು, ತನಗೆ ಮೊಳೆ ಹೊಡೆದವರನ್ನು ಕ್ಷಮಿಸೆಂದು ತಂದೆಯನ್ನು ಬೇಡಿದ ಆ ಮಾತು, ಪ್ರತಿ ವರ್ಷವೂ ಸೈದಪ್ಪನದೇ. ಬೇರೆ ಯಾರಿಗಾದರೂ ಕೊಟ್ಟು ನೋಡುವ ಧೈರ್ಯ ಪಾಸ್ಟರ್ ದಾಮೋದರರಿಗೂ ಇರಲಿಲ್ಲ. ನಳದ ಮುಂದಿನ ಪಾಳಿಗಾಗಿ ವರ್ಷಗಟ್ಟಲೆ ಮಾತು ಬಿಟ್ಟ ಜನ ಕ್ಷಮೆಯ ಬಗ್ಗೆ ಯಾವ ಮುಖ ಹೊತ್ತು ಮಾತಾಡಿಯಾರು?

ಸೈದಪ್ಪ ಹುಟ್ಟಾ ಸಾಧುವೇನಲ್ಲ. ಮಂಗಳವೇಢೆ ಕಡೆಯ ನಂದೇಶ್ವರದಿಂದ ಹರೆಯದಲ್ಲಿ ಸೊಲ್ಲಾಪುರಕ್ಕೆ ಬಂದವನು ದುಡಿದದ್ದನ್ನು ಕುಡಿದ, ಕುಡಿದು ಹೆಂಡತಿ ಅಂಜನಾಬಾಯಿಯನ್ನು ಹೊಡೆದ. ಆಕೆ ಬೀಡಿ ಸುತ್ತಿ ಮನೆ ನಡೆಸಿದಳು. ಒಂದು ದಿನ ಅವನು ಮಂದಿರದ ಮುಂದಿನ ಗಟಾರದಲ್ಲಿ ಬಿದ್ದುಕೊಂಡಿದ್ದಾಗ ದಾಮೋದರ ಪಾಸ್ಟರು ಎಬ್ಬಿಸಿ, ಮೈ ತೊಳೆದು, ತಮ್ಮ ಅಂಗಿ ಹಾಕಿ, ರೊಟ್ಟಿ ಶೇಂಗಾ ಹಿಂಡಿ ಕೊಟ್ಟು ಕಳಿಸಿದರು. ಉಪದೇಶ ಮಾಡಲಿಲ್ಲ. ಅದು ಅವನಿಗೆ ನಾಟಿತು. ಅಂಗಿ ತಿರುಗಿ ಕೊಡಲು ಹೋದವನು ಅಲ್ಲಿಯೇ ಉಳಿದ. ದೀಕ್ಷಾಸ್ನಾನದ ದಿನ ಪಾಸ್ಟರು ಅವನಿಗೆ ಹೇಳಿದ್ದಿಷ್ಟು: "ಪ್ರಭುವಿನ ಗುಣ ಅಂಗಿ ತೊಟ್ಕೊಂಡಂಗ ತೊಟ್ಕೋಬೇಕು ಸೈದಪ್ಪ. ಐತವಾರಕ್ಕ ಒಂದು, ಸೋಮವಾರಕ್ಕ ಒಂದು ಅಂಗಿ ಅಲ್ಲ."

ಸೈದಪ್ಪ ಅದನ್ನು ಅಕ್ಷರಶಃ ಹಿಡಿದ. ಚಿಂಚೋಳಿ ಎಂಐಡಿಸಿಯ ಒಂದು ಟವೆಲ್ ಕಾರ್ಖಾನೆಯಲ್ಲಿ ಅವನದು ಮಾಲು ಕಟ್ಟುವ ಕೆಲಸ. ಒಮ್ಮೆ ಗಂಟು ಏರಿಸುವುದು ತಡವಾಯಿತೆಂದು ಟ್ರಕ್ಕಿನ ಡ್ರೈವರ್ ಎಲ್ಲರ ಮುಂದೆ ಕಪಾಳಕ್ಕೆ ಹೊಡೆದ. ಸೈದಪ್ಪ ಕೆನ್ನೆ ಒರೆಸಿಕೊಂಡು ಅವನ ಟ್ರಕ್ಕನ್ನೇ ಮೊದಲು ತುಂಬಿಸಿಕೊಟ್ಟ. ಓಣಿಯ ಕ್ಷಯರೋಗಿಯೊಬ್ಬನನ್ನು, ಅವನ ಸ್ವಂತ ಅಣ್ಣತಮ್ಮಂದಿರೇ ಮುಟ್ಟದಿದ್ದಾಗ, ತಿಂಗಳುಗಟ್ಟಲೆ ಬೆನ್ನಮೇಲೆ ಹೊತ್ತು ದವಾಖಾನೆಗೆ ಒಯ್ದ. ನಂದೇಶ್ವರದಲ್ಲಿ ಬೌದ್ಧರಾಗಿಯೇ ಉಳಿದಿದ್ದ ಅವನ ಬಳಗ ಮೊದಮೊದಲು "ಕುಡಕ ಸೈದ್ಯಾಗ ದೇವದೂತ ಹೊಕ್ಕಾನ" ಎಂದು ನಕ್ಕಿತು. ಕಡೆಗೆ ಅವರೇ ತಮ್ಮ ಜಗಳ ಬಗೆಹರಿಸಲು ಇವನನ್ನು ಕರೆಯತೊಡಗಿದರು.

ಇದನ್ನೆಲ್ಲ ತೋರಿಕೆ ಎನ್ನುವವರ ನಾಲಿಗೆಗೆ ಹುಳ ಬೀಳಲಿ. ಅವನು ಮಾಡಿದ್ದೆಲ್ಲ ಖರೆ, ಮೈಮುರಿದು ಮಾಡಿದ್ದು. ಆದರೆ ಒಳ್ಳೆಯವನೆನಿಸಿಕೊಳ್ಳುವುದೂ ಒಂದು ಚಟವೇ. ಕುಡಿತ ಬಿಟ್ಟವನಿಗೆ ಅದು ಬೇಗ ಹತ್ತುತ್ತದೆ, ಮತ್ತು ಅದನ್ನು ಬಿಡಿಸಲು ಯಾವ ಪಾಸ್ಟರೂ ಬರುವುದಿಲ್ಲ.

ಎರಡು ವರ್ಷದ ಹಿಂದೆ ಅವನ ಒಬ್ಬಳೇ ಮಗಳು ಸೋನಾಲಿ ಅದೇ ಕಾರ್ಖಾನೆಗೆ ಸೇರಿದಳು. ಮಂದಿರದ ಹಿರಿಯ ಅಮೃತಪ್ಪನ ಮಗ ಸಚಿನ ಅಲ್ಲಿ ಸೂಪರ್‌ವೈಸರ್. ಕೆಲಸ ಕೊಡಿಸಿದವನೂ ಅವನೇ. ಆಕೆ ಮೊದಲು ಟವೆಲ್ ಮಡಚುತ್ತಿದ್ದಳು. ಒಂದು ವಾರ ಆಳು ಕಡಿಮೆಯಾದವೆಂದು ಸಚಿನ ಆಕೆಯನ್ನು ಇಸ್ತ್ರಿ ಮಾಡುವ ಮಶೀನಿಗೆ ಹಾಕಿದ. ಎರಡು ಬಿಸಿ ಉಕ್ಕಿನ ರೋಲುಗಳ ನಡುವೆ ಬಟ್ಟೆ ಬಿಡುವ ಕೆಲಸ. ಕೈ ಒಳಗೆ ಹೋಗದಂತೆ ರೋಲುಗಳ ಮುಂದೆ ಕಬ್ಬಿಣದ ಒಂದು ಜಾಳಿ ಇರಬೇಕು. ಇರಲಿಲ್ಲ. ಹೊಸದಾಗಿ ಬಂದ ಸೋನಾಲಿಗೆ, ಅಲ್ಲಿ ಜಾಳಿ ಎಂಬುದೊಂದು ಇರಬೇಕೆನ್ನುವುದೇ ಗೊತ್ತಿರಲಿಲ್ಲ. ಸೈದಪ್ಪನಿಗೆ ಗೊತ್ತಿತ್ತು. ಗಾಡಿ ತಳ್ಳಿಕೊಂಡು ಆ ಕಡೆ ಹೋದಾಗ ಜಾಳಿಯನ್ನು ಬಿಚ್ಚಿ ಗೋಡೆಗೆ ಆನಿಸಿ ಇಟ್ಟದ್ದನ್ನು ಅವನು ನೋಡಿದ್ದ. ಸಾಯಂಕಾಲ ಸಚಿನನಿಗೆ ಹೇಳಬೇಕು ಅಂದುಕೊಂಡ, ಮರೆತ. ಮರುದಿನ ಮಧ್ಯಾಹ್ನ ರೋಲು ಸೋನಾಲಿಯ ಬಲಗೈಯನ್ನು ಮಣಿಕಟ್ಟಿನವರೆಗೆ ಒಳಗೆಳೆದುಕೊಂಡಿತು. ಡಾಕ್ಟರರು ಉಳಿಸಲು ಏನೂ ಉಳಿದಿರಲಿಲ್ಲ ಅಂದರು.

ಸೊಲ್ಲಾಪುರದ ದವಾಖಾನೆಯ ಮೊಗಸಾಲೆಯಲ್ಲಿ ಸಚಿನ ಬಂದು ಸೈದಪ್ಪನ ಕಾಲಿಗೆ ಬಿದ್ದ.

"ಕಾಕಾ, ಜಾಳಿ ನಾನಽ ತೆಗಸಿದ್ನಿ. ಅರಿವಿ ಸಿಕ್ಕಿ ಹರೀತಿತ್ತು, ಮಾಲ ಅರ್ಜೆಂಟ್ ಇತ್ತು. ಸಾಹೇಬ್ರಿಗೆ ಗೊತ್ತಾದ್ರ ನನ್ನ ನೌಕರಿ ಹೋಗ್ತದ, ಜೇಲ್ ಆಗ್ತದ. ಮಾಫ ಮಾಡ್ರಿ ಕಾಕಾ."

ಸೈದಪ್ಪನ ಕೈ ಮೇಲೆದ್ದಿತು. ಹಳೆಯ ಸೈದಪ್ಪನಾಗಿದ್ದರೆ ಆ ಹುಡುಗನನ್ನು ಅಲ್ಲಿಯೇ ಹೂತುಬಿಡುತ್ತಿದ್ದ. ಕೈ ಗಾಳಿಯಲ್ಲಿ ನಿಂತಿತು. ಮೊದಲ ಮಾತು ನೆನಪಾಯಿತು. ವರ್ಷಾ ವರ್ಷಾ ಹೇಳಿದ್ದನ್ನು ಮಾಡಿ ತೋರಿಸುವ ಹೊತ್ತು ಬಂದಿದೆ ಅನ್ನಿಸಿತು. ಎತ್ತಿದ ಕೈಯನ್ನು ಅವನು ಸಚಿನನ ತಲೆಯ ಮೇಲೆ ಇಟ್ಟ. ಅಷ್ಟು ಕಷ್ಟದ ಕೆಲಸವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ, ಅದಂತೂ ಸುಳ್ಳಲ್ಲ.

ಸ್ವಲ್ಪ ಹೊತ್ತಿಗೆ ಕಾರ್ಖಾನೆ ತಪಾಸಣೆಯ ಸಾಹೇಬರು ಬಂದರು. ಸೋನಾಲಿಗೆ ಇನ್ನೂ ಎಚ್ಚರವಿರಲಿಲ್ಲ. ಅಪ್ಪನನ್ನೇ ಕೇಳಿದರು, ಆ ಮಶೀನಿಗೆ ಜಾಳಿ ಇತ್ತೋ ಇಲ್ಲವೋ.

"ಗೊತ್ತಿಲ್ರಿ ಸಾಹೇಬ್ರ. ನಮಗ ಯಾರ ಮ್ಯಾಲೂ ತಕ್ರಾರ ಇಲ್ಲ" ಅಂದ ಸೈದಪ್ಪ.

ಮೊದಲನೆಯದು ಸುಳ್ಳು, ಎರಡನೆಯದು ದಾನ. ಎರಡನ್ನೂ ಒಂದೇ ಉಸಿರಿನಲ್ಲಿ ಆಡಿದ್ದರಿಂದ ಅವನಿಗೆ ಎರಡೂ ಒಂದೇ ಅನ್ನಿಸಿತು. ಹುಡುಗಿ ಲಕ್ಷ್ಯವಿಲ್ಲದೆ ಕೈ ಹಾಕಿದಳು ಎಂಬಲ್ಲಿಗೆ ತಪಾಸಣೆ ಮುಗಿಯಿತು.

ಬಂದ ಐತವಾರ ಸೈದಪ್ಪ ಸಭೆಯ ಮುಂದೆ ಸಚಿನನನ್ನು ಅಪ್ಪಿಕೊಂಡ. ನನ್ನ ಪಾಳಿಯಲ್ಲಿ ಹೀಗಾಯಿತಲ್ಲ ಎಂದು ಸಚಿನ ಅತ್ತ. ಹೆಂಗಸರು ಸೆರಗು ಕಣ್ಣಿಗೊತ್ತಿಕೊಂಡರು. ಪಾಸ್ಟರು, ಕ್ರಿಸ್ತನನ್ನು ನೋಡಬೇಕಾದರೆ ಸೈದಪ್ಪನನ್ನು ನೋಡಿರಿ ಅಂದರು. ಮನೆಗೆ ಬರುವ ದಾರಿಯಲ್ಲಿ ಅಂಜನಾಬಾಯಿ ಒಂದೇ ಮಾತು ಅಂದಳು. "ಯಾರದೋ ದುಡ್ಡು, ಎಲ್ಲವ್ವನ ಜಾತ್ರಿ." ಆಕೆಗೆ ಜಾಳಿಯ ಸುದ್ದಿ ಗೊತ್ತಿರಲಿಲ್ಲ. ಮಗಳು ದವಾಖಾನೆಯಲ್ಲಿ ನರಳುತ್ತಿರುವಾಗ ಅಪ್ಪ ಊರಿಗೆ ಮಾಫಿ ಹಂಚುವುದು ಆಕೆಗೆ ಸೇರಲಿಲ್ಲ, ಅಷ್ಟೇ.

ಸೋನಾಲಿ ಮನೆಗೆ ಬಂದಳು. ಎಡಗೈಯಿಂದ ಉಣ್ಣಲು ಕಲಿತಳು, ಮೊಬೈಲು ಒತ್ತಲು ಕಲಿತಳು. ಬೀಡಿ ಸುತ್ತಲು ಆಗಲಿಲ್ಲ. ಒಂದು ಕೈಯಿಂದ ಹೆರಳು ಹೆಣೆದುಕೊಳ್ಳಲಂತೂ ಯಾರಿಗೂ ಆಗುವುದಿಲ್ಲ. ಸಣ್ಣ ಮಗುವಿಗೆ ಮಾಡಿದಂತೆ ಅವ್ವ ದಿನಾ ಹೊಸ್ತಿಲಲ್ಲಿ ಕೂತು ಹೆಣೆಯುತ್ತಿದ್ದಳು.

"ಅಪ್ಪಾ, ನಾ ಯಾಕ ಕೈ ಅಷ್ಟ ಒಳಗ ಒಯ್ದ್ನಿ?" ಎಂದು ಸೋನಾಲಿ ಆಗಾಗ ಕೇಳುತ್ತಿದ್ದಳು.

"ಆಗಿದ್ದು ಆಗ್ಯದ ತಾಯಿ. ಪ್ರಭು ನೋಡ್ಕೋತಾನ" ಎನ್ನುತ್ತಿದ್ದ ಸೈದಪ್ಪ.

ಅಕ್ಕಲಕೋಟದ ಗಂಡಿನೊಂದಿಗೆ ಆಕೆಯ ಮದುವೆಯ ಮಾತುಕತೆ ಆಗಿತ್ತು. ಅವರು ಬಂದು, ಬೇಡವೆನ್ನುವುದು ಕೈ ಹೋದದ್ದಕ್ಕಲ್ಲ, ಹುಡುಗಿಗೆ ಮೈಮೇಲೆ ಲಕ್ಷ್ಯವಿಲ್ಲವಂತಲ್ಲ, ನಾಳೆ ಒಲೆ ಮುಂದೆ ಹೇಗೆ, ಎಂದು ಹೇಳಿ ಚಹಾ ಕುಡಿದು ಹೋದರು. ಸೋನಾಲಿ ಒಳಗೆ ಕೂತು ಕೇಳಿಸಿಕೊಂಡಳು. ಸೈದಪ್ಪ ಒಂದು ಮಾತು ಅಂದಿದ್ದರೆ ಸಾಕಿತ್ತು. ಮಾಫ ಮಾಡಿದ್ದನ್ನು ಮತ್ತೆ ಬಾಯಿಗೆ ತರುವುದು ಪ್ರಭುವಿನ ಗುಣವಲ್ಲ ಎಂದು ಹಲ್ಲು ಕಚ್ಚಿ ಕೂತ. ಆ ದಿನದಿಂದ ಯಾರಾದರೂ ಕೈಯ ಬಗ್ಗೆ ಕೇಳಿದರೆ, ಅವರು ಪೂರ್ತಿ ಕೇಳುವ ಮೊದಲೇ, "ನಂದಽ ತಪ್ಪ್ರಿ" ಎಂದು ಹೇಳಿಬಿಡುವುದನ್ನು ಸೋನಾಲಿ ರೂಢಿ ಮಾಡಿಕೊಂಡಳು. ಹೊರಗೆ ಹೋಗುವುದು ಕಡಿಮೆಯಾಯಿತು, ಮಂದಿರ ತಪ್ಪಿತು.

ಈ ವರ್ಷ ಶುಭ ಶುಕ್ರವಾರದ ವಾರ ಕಾರ್ಖಾನೆಯಲ್ಲಿ ಮತ್ತೆ ಅದೇ ಕಿರುಚಾಟ ಕೇಳಿಸಿತು. ಸೈದಪ್ಪ ಕೈಯಲ್ಲಿದ್ದ ಗಂಟು ಬಿಟ್ಟು ಓಡಿದ. ಅಕ್ಕಲಕೋಟದಿಂದ ಬಸ್ಸಿಗೆ ಬಂದುಹೋಗುವ ಪಿಂಕಿ ಎಂಬ ಹುಡುಗಿ ಕೈ ಹಿಡಿದುಕೊಂಡು ನೆಲದ ಮೇಲೆ ಒದ್ದಾಡುತ್ತಿದ್ದಳು. ಬೆರಳುಗಳು ಹೋಗಿದ್ದವು. ಸೈದಪ್ಪನ ಕಣ್ಣು ತಾನಾಗಿ ಗೋಡೆಯ ಕಡೆ ಹೋಯಿತು. ಜಾಳಿ ಅಲ್ಲಿಯೇ ಇತ್ತು. ಎರಡು ವರ್ಷದ ಹತ್ತಿಯ ಧೂಳು ಅದರ ಮೇಲೆ ಕೂತಿತ್ತು. ಯಾರೋ ಅದಕ್ಕೆ ಊಟದ ಡಬ್ಬಿಯ ಚೀಲ ತೂಗುಹಾಕಿದ್ದರು.

ತಕರಾರು ಮಾಡಿದವರಿಲ್ಲ, ಕೇಳಿದವರಿಲ್ಲ. ಮತ್ತೆ ಹಾಕುವ ಉಸಾಬರಿ ಯಾರಿಗೆ ಬೇಕಿತ್ತು?

ಮರುದಿನ ಬಾಳೆಹಣ್ಣು ತೆಗೆದುಕೊಂಡು ಅವನು ಅಕ್ಕಲಕೋಟಕ್ಕೆ ಹೋದ. ಕಷ್ಟವಿದ್ದಲ್ಲಿ ಹೋಗಿ ಪ್ರಾರ್ಥಿಸುವುದು ಅವನ ರೂಢಿ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದೇ ಖೋಲಿಯ ಮನೆ. ಪಿಂಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಆಕೆಯ ತಾಯಿ ಚಾಪೆ ಹಾಸಿದಳು.

"ಬರ್ರಿ, ಕೂಡ್ರಿ. ನಿಮ್ಮ ಮಗಳಿಗೂ ಹಿಂಗಽ ಆಗಿತ್ತಂತಲ್ರಿ. ಆಗ ಯಾರರ ಒಬ್ಬರು ಬಾಯಿ ಬಿಟ್ಟಿದ್ರ ನಮ್ಮ ಪಿಂಕಿ ಬೆರಳ ಉಳೀತಿದ್ದು." ಹಾಗಂದವಳು ತಾನು ತಪ್ಪು ಮಾತಾಡಿದೆನೆಂದು ಗಾಬರಿಯಾದಳು. "ನಿಮಗ ಅಂದಿದ್ದಲ್ರಿ ಅಣ್ಣಾ. ನಿಮಗರ ಏನ ಗೊತ್ತಿತ್ತು, ಪಾಪ."

ಸೈದಪ್ಪ ಪ್ರಾರ್ಥನೆಗೆಂದು ಕಣ್ಣು ಮುಚ್ಚಿದ. ಪ್ರಾರ್ಥಿಸದೆಯೇ ಮತ್ತೆ ತೆರೆದ. ಹಣ್ಣು ಚಾಪೆಯ ಮೇಲಿಟ್ಟು ಎದ್ದು ಬಂದ. ಬಸ್ಸಿನಲ್ಲಿ ಒಂದೇ ಲೆಕ್ಕ ಹಾಕುತ್ತ ಕೂತ. ಮಗಳಿಗೆ ಹೇಳಿದರೆ ಮಗಳು ತನ್ನಿಂದ ದೂರ ಹೋಗುತ್ತಾಳೆ. ಹೇಳದಿದ್ದರೆ, ಆಕೆ ಸಾಯುವವರೆಗೂ ತನ್ನನ್ನೇ ಬೈದುಕೊಳ್ಳುತ್ತಾಳೆ. ಕುಂಭಾರಿ ಬರುವವರೆಗೂ ಮೂರನೆಯ ದಾರಿ ಸಿಗಲಿಲ್ಲ.

ಮನೆಗೆ ಬಂದಾಗ ಅಂಜನಾಬಾಯಿ ಹೊಸ್ತಿಲಲ್ಲಿ ಸೋನಾಲಿಯ ಹೆರಳು ಹಾಕುತ್ತಿದ್ದಳು. ಸೈದಪ್ಪ ಚಪ್ಪಲಿಯನ್ನೂ ಬಿಡದೆ ನಿಂತೇ ಹೇಳಿದ.

"ಸೋನಾಲಿ, ನಿಂದ ತಪ್ಪಿರಲಿಲ್ಲ. ಆ ಮಶೀನಿಗಿ ಜಾಳಿ ಇರ್ತದ. ಸಚಿನ ತೆಗಸಿದ್ದ. ಹಿಂದಿನ ದಿನಾನಽ ನಾ ನೋಡಿದ್ನಿ. ಸಾಹೇಬ್ರು ಕೇಳಿದ್ರ ಗೊತ್ತಿಲ್ಲ ಅಂದ್ನಿ."

ಅಂಜನಾಬಾಯಿಯ ಕೈ ಹೆರಳಿನ ನಡುವೆ ನಿಂತಿತು. ಸೋನಾಲಿ ಅಪ್ಪನ ಕಡೆ ಮುಖ ಎತ್ತಿದಳು. ಬಹಳ ಸಣ್ಣ ದನಿಯಲ್ಲಿ, "ನೀ ನೋಡಿದ್ದಿ?" ಅಂದಳು.

"ಹೂಂ."

"ಎರಡ ವರ್ಷ ನಾ ನನಗಽ ಬೈಕೋತ ಕುಂತೀನಿ ಅಪ್ಪಾ. ಅವರು ಬಂದು ಲಕ್ಷ್ಯ ಇಲ್ಲದಾಕಿ ಅಂದು ಹೋದ್ರು. ನೀ ಇಲ್ಲೇ ಕುಂತಿದ್ದಿ."

"ಆಂವ ಕಾಲಿಗಿ ಬಿದ್ದಿದ್ದ. ಪ್ರಭು ಇದ್ದಿದ್ರ ಏನ ಮಾಡ್ತಿದ್ದ ಅಂತ..."

"ಪ್ರಭು ತನ್ನ ಕೈಗಿ ಬಡದ ಮೊಳಿಗಿ ಮಾಫ ಮಾಡಿದ" ಅಂದಳು ಸೋನಾಲಿ. ಸಣ್ಣಂದಿನಿಂದ ಆ ಮಂದಿರದಲ್ಲಿ ಅಪ್ಪನ ಮೊದಲ ಮಾತು ಕೇಳಿ ಬೆಳೆದವಳು ಆಕೆ. "ನೀ ನನ್ನ ಕೈಗಿ ಬಡದದ್ದಕ್ಕ ಮಾಡಿದಿ."

ಎದ್ದು ಒಳಗೆ ಹೋದಳು. ಅರ್ಧ ಹೆಣೆದ ಹೆರಳು ಬಿಚ್ಚಿಕೊಳ್ಳುತ್ತ ಹೋಯಿತು. ಅಂಜನಾಬಾಯಿ ಬಾಚಣಿಕೆ ಹಿಡಿದು ಕೂತಲ್ಲಿಂದಲೇ ಅವನನ್ನು ನೋಡಿದಳು. ಕುಡಿದು ಹೊಡೆಯುತ್ತಿದ್ದ ಕಾಲದಲ್ಲಿಯೂ ಆಕೆ ಗಂಡನನ್ನು ಹಾಗೆ ನೋಡಿರಲಿಲ್ಲ.

ಶುಭ ಶುಕ್ರವಾರ ಮಂದಿರ ತುಂಬಿತ್ತು. ತಗಡು ಕಾದು ಜನ ಬೆವೆತಿದ್ದರು. ಪಾಸ್ಟರು ಎಂದಿನಂತೆ, ಮೊದಲ ಮಾತು ಸೈದಪ್ಪನವರದು ಅಂದರು. ಸೈದಪ್ಪ ಎದ್ದು ಮುಂದೆ ಹೋದ. ಮಗಳ ಕಥೆ ಹೇಳಿ ಮತ್ತೊಮ್ಮೆ ಜನರನ್ನು ಅಳಿಸಬಾರದು ಎಂದು ದಾರಿಯಲ್ಲೇ ಗಟ್ಟಿಮಾಡಿಕೊಂಡಿದ್ದ.

"ಈ ಮಾತ ನನಗ ಬ್ಯಾಡ್ರಿ" ಅಂದ. "ಇದನ್ನ ಹೇಳಾಕ ನಾ ಲಾಯಕ್ ಇಲ್ಲ. ನಾ ಸುಳ್ಳ ಹೇಳೀನಿ. ಮಶೀನಿನ ಜಾಳಿ ತೆಗದಿದ್ದು ನನಗ ಗೊತ್ತಿತ್ತು. ಗೊತ್ತಿಲ್ಲಂತ ಸಾಹೇಬ್ರಿಗೆ ಹೇಳಿದ್ನಿ. ಅದಕ್ಕ ಈಗ ಇನ್ನೊಂದ ಹುಡುಗಿ ಬೆರಳ ಹೋಗ್ಯಾವ. ಸೋಮವಾರ ತಪಾಸಣಿ ಆಫೀಸಿಗಿ ಹೋಗಿ ಖರೆ ಹೇಳಾಂವ ಇದ್ದೀನಿ. ಸಚಿನ, ನಿನ್ನ ಬೆನ್ನ ಹಿಂದ ಹೇಳಬಾರದಂತ ಇಲ್ಲಿ ಹೇಳಾಕತ್ತೀನಿ."

ಸಚಿನ ತಲೆ ತಗ್ಗಿಸಿದ. ಅವನಪ್ಪ ಅಮೃತಪ್ಪ ಜಿಗಿದೆದ್ದ.

"ಮಾಫ ಮಾಡಿದ್ದನ್ನ ತಿರುಗಿ ಕಸ್ಕೋತಿಯೇನು? ಎಂಥಾ ಕ್ರಿಸ್ತಾನ ನೀ? ಪ್ರಭುನ್ನ ಹಿಡಕೊಟ್ಟ ಯೂದನೂ ಇದಽ ವಾರ ಆರಿಸಿದ್ದ!"

ಯಾರೂ ಅಮೃತಪ್ಪನನ್ನು ಕೂಡಿಸಲಿಲ್ಲ. ಗಟಾರದಿಂದ ಎಬ್ಬಿಸಿದ್ದ ದಾಮೋದರ ಪಾಸ್ಟರು ಕೈಯಲ್ಲಿದ್ದ ಪುಸ್ತಕದ ಪುಟ ತಿರುವುತ್ತ, ಇವತ್ತು ಇಂಥ ವಿಷಯ ಬೇಡವಿತ್ತು ಸೈದಪ್ಪ, ಅಂದರು. ಮತ್ತೆ ಎರಡನೆಯ ಮಾತಿನವರನ್ನು ಕರೆದರು. ಉಳಿದ ಆರು ಮಾತುಗಳು ಸಾಂಗವಾಗಿ ನಡೆದವು. ಈಸ್ಟರ್ ದಿನ ಸೈದಪ್ಪ ಹಿಂದಿನ ಚಾಪೆಯ ಮೇಲೆ ಕೂತ. ಅವನ ಎರಡೂ ಮಗ್ಗುಲು ಖಾಲಿ ಉಳಿದವು. ಅಷ್ಟು ವರ್ಷ ಜನ ಪಕ್ಕದಲ್ಲಿ ಕೂತು ಮೈ ಬೆಚ್ಚಗಿಟ್ಟಿದ್ದರೆಂಬುದು ಅವನಿಗೆ ಗೊತ್ತಾದದ್ದೇ ಆಗ. ಪ್ರಭುವಿನ ಗುಣ ತೊಟ್ಟುಕೊಂಡರೆ ಜನ ಕೈಮುಗಿಯುತ್ತಾರೆಂದು ಅವನಿಗೆ ಯಾರು ಹೇಳಿದ್ದರು? ಶಿಲುಬೆಯ ಮೇಲಿದ್ದ ಪ್ರಭುವಿಗೆ ಆ ಶುಕ್ರವಾರ ಯಾರೂ ಕೈಮುಗಿದಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಒಳಗಿನ ಕೋಣೆಯ ಬಾಗಿಲಲ್ಲಿ ನಿಂತು, "ನಾ ಆಫೀಸಿಗಿ ಹೊಂಟೀನಿ. ನೀ ಬರಬೇಕಂತ ಇಲ್ಲ" ಅಂದ. ಬಸ್‌ಸ್ಟಾಪಿಗೆ ಹೋಗಿ ತಿರುಗಿ ನೋಡಿದರೆ ಸೋನಾಲಿ ಬರುತ್ತಿದ್ದಳು. ಕೂದಲನ್ನು ಬಿಟ್ಟೇ ಬಂದಿದ್ದಳು, ಬಲಗೈಯ ಮೊಂಡು ತುದಿಯ ಮೇಲೆ ಎಂದಿನಂತೆ ಓಢಣಿ ಹೊದಿಸಿರಲಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಹೋಗಿ ಒಬ್ಬಳೇ ಕೂತಳು.

ಸೊಲ್ಲಾಪುರದ ಆಫೀಸಿನಲ್ಲಿ, ಅಂದು ದವಾಖಾನೆಗೆ ಬಂದಿದ್ದ ಸಾಹೇಬರೇ ಇದ್ದರು. ಅಕ್ಕಲಕೋಟ ಕಡೆಯವರು, ಕನ್ನಡ ಬರುತ್ತಿತ್ತು. ಸೋನಾಲಿಯ ಕೈ ನೋಡಿದ ಕೂಡಲೇ ಅವರಿಗೆ ಗುರುತು ಹತ್ತಿತು. ಪಿಂಕಿಯ ವಿಚಾರಣೆ ನಡೆದೇ ಇತ್ತು. ಕುರ್ಚಿ ತೋರಿಸಿ, "ಹೇಳ್ರಿ, ಈಗರ ಯಾರ ಮ್ಯಾಲರ ತಕ್ರಾರ ಅದ ಏನು?" ಎಂದು ಕೇಳಿದರು. ಕೇಳಿದ್ದು ಸೈದಪ್ಪನನ್ನೇ. ಹಿಂದೆಯೂ ಅವನನ್ನೇ ಕೇಳಿದ್ದರಲ್ಲ.

"ನಮಗ..." ಎಂದು ಸೈದಪ್ಪ ಬಾಯಿ ತೆರೆದ. ಅಲ್ಲಿಗೇ ನಿಲ್ಲಿಸಿದ. "ಆಕೀನ ಕೇಳ್ರಿ ಸಾಹೇಬ್ರ. ಕೈ ಆಕೀದು."

ಸೋನಾಲಿ ಅಪ್ಪನ ಕಡೆ ನೋಡಲಿಲ್ಲ.

"ಅದ ರೀ. ಇಬ್ಬರ ಮ್ಯಾಲ" ಅಂದಳು. "ಒಬ್ಬಾಂವ ಸಚಿನ. ಜಾಳಿ ತೆಗಸಿದಾಂವ. ಇನ್ನೊಬ್ಬಾಂವ ಸೈದಪ್ಪ. ನೋಡಿ ಸುಮ್ಮನಿದ್ದಾಂವ."

"ಈ ಸೈದಪ್ಪ ಅಂದ್ರ ಯಾರು?"

ಆ ಎರಡನೆಯ ಹೆಸರು ಹೇಳುವಾಗಲೇ ಆಕೆಯ ದನಿ ಒಡೆದಿತ್ತು.

ಸೈದಪ್ಪ ಕುರ್ಚಿಯಿಂದ ಎದ್ದು ನಿಂತ. "ನಾನಽ ರೀ" ಅಂದ. "ಆಕಿ ಹೇಳಿದ್ದು ಖರೆ ಅದ. ಬರ್ಕೋರಿ."

ಹೊರಗೆ ಮೆಟ್ಟಿಲ ಮೇಲೆ, ಮಾಫ ಮಾಡು ತಾಯಿ ಎನ್ನುವ ಮಾತು ಅವನ ಗಂಟಲಿನವರೆಗೆ ಬಂತು. ಇಪ್ಪತ್ತು ವರ್ಷ ಊರಿಗೆಲ್ಲ ಕಲಿಸಿದ ಮಾತು. ಕೇಳಿದರೆ ಆಕೆ ಮಾಫಿ ಕೊಡಬೇಕಾದೀತು, ಕೊಡದಿದ್ದರೆ ಅದನ್ನೂ ತನ್ನ ತಪ್ಪೆಂದು ತಿಳಿದಾಳು. ಸೈದಪ್ಪ ಅದನ್ನು ನುಂಗಿಕೊಂಡ. ಕೊಡುವುದೂ ಬಿಡುವುದೂ ಆಕೆಯದು.

ಕುಂಭಾರಿ ಬಸ್ಸು ಅರ್ಧ ಖಾಲಿಯಿತ್ತು. ಸೋನಾಲಿ ಕಿಟಕಿಯ ಪಕ್ಕ ಕೂತಳು. ಪಕ್ಕದ ಜಾಗ ಬಿಟ್ಟಿತ್ತು. ಆಕೆ ಕೂಡೆನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಸೈದಪ್ಪ ಕಂಬ ಹಿಡಿದುಕೊಂಡು ಊರು ಬರುವವರೆಗೂ ಆ ಸೀಟಿನ ಹತ್ತಿರ ನಿಂತೇ ಇದ್ದ.